ಹೆಣ್ಣೊಪ್ಪಿಸುವ ಪ್ಲೇಟು

ಜಿಲಾನಸಾಬರ ಫೋನೋ ಇಲ್ಲದೆ ನಮ್ಮ ಸೀಮೆಯಲ್ಲಿ ಒಂದು ಹೆಣ್ಣೂ ಗಂಡನ ಮನೆಗೆ ಹೋಗುತ್ತಿರಲಿಲ್ಲ ಎಂದರೆ ಈಗಿನವರು ನಗುತ್ತಾರೆ. ನಗಲಿ, ಅವರಿಗೆ ಹಲ್ಲಿವೆ. ಯಲಬುರ್ಗಾ, ಕುಷ್ಟಗಿ, ಕೊಪ್ಪಳ, ಆಚೆ ಗಂಗಾವತಿಯ ತನಕ ಯಾರ ಮನೆಯ ಮದುವೆಯಾದರೂ ಅವರು ಚಕ್ಕಡಿಯಲ್ಲಿ ಫೋನೋ ಪೆಟ್ಟಿಗೆ, ಅಂದರೆ ಚಾವಿ ಕೊಟ್ಟು ಹಾಡಿಸುವ ಗ್ರಾಮಫೋನು, ಇಟ್ಟುಕೊಂಡು ಬರಬೇಕು. ಅಕ್ಕಿಕಾಳು ಬಿದ್ದು, ಊಟ ಮುಗಿದು, ಹೆಣ್ಣೊಪ್ಪಿಸುವ ಹೊತ್ತಿಗೆ ತುತ್ತೂರಿ ಪ್ಲೇಟು ಹಾಕಬೇಕು. ಅದು ಹಾಡಿದರೇನೇ ಹೆಣ್ಣು ಚಕ್ಕಡಿ ಹತ್ತುವುದು.

ಕೊಪ್ಪಳ ಸ್ಟೇಷನ್ನಿನ ಒಬ್ಬ ಗಾರ್ಡು ವರ್ಗವಾಗಿ ಹೋಗುವಾಗ ಕೊಟ್ಟ ಪ್ಲೇಟು ಅದು. ಅಮೇರಿಕದ ಕರಿಯ ಜನ ಊದಿದ್ದು, ಇದಕ್ಕೆ ಜಾಝ್ ಎನ್ನುತ್ತಾರೆ ಎಂದು ಅವನು ಹೇಳಿದ್ದನಂತೆ. ಮೊದಲು ತುತ್ತೂರಿಯೊಂದೇ ಅಳುತ್ತದೆ, ಆಮೇಲೆ ಗಂಟಲು ಕಟ್ಟಿದ ಒಬ್ಬ ಗಂಡಸು ಏನೋ ಹೇಳುತ್ತಾನೆ, ಮತ್ತೆ ತುತ್ತೂರಿ. ಆ ಮಾತು ನಮಗೆ ಯಾರಿಗೂ ತಿಳಿಯಲಿಲ್ಲ. ಮಗಳನ್ನು ಕಳಿಸುವ ಅಪ್ಪ ಏನು ಹೇಳುತ್ತಾನೋ ಅದನ್ನೇ ಹೇಳುತ್ತಾನೆ ಎಂದು ನಾವೇ ಗೊತ್ತು ಮಾಡಿಕೊಂಡೆವು.

ಅಸಲಿಗೆ ಅದು ಕುಣಿತದ ಹಾಡು. ಫೋನೋದ ಸ್ಕ್ರೂ ಸವೆದು ತಟ್ಟೆ ನಿಧಾನ ತಿರುಗುತ್ತಿತ್ತು, ಅದಕ್ಕೇ ಅಷ್ಟು ಅಳು. ಒಮ್ಮೆ ಜಿಲಾನಸಾಬರು ಗದಗಿಗೆ ಹೋಗಿ ರಿಪೇರಿ ಮಾಡಿಸಿಕೊಂಡು ಬಂದು, ಇಟಗಿಯ ಒಂದು ಮದುವೆಯಲ್ಲಿ ಹಾಕಿದರೆ ತುತ್ತೂರಿ ಜಿಗಿದಾಡಿತು. ಹೆಂಗಸರೆಲ್ಲ ಅವರ ಮೈಮೇಲೆ ಬಿದ್ದರು. “ನಮ್ಮ ಪ್ಲೇಟಿಗೆ ಏನ ಮಾಡಿಕೊಂಡು ಬಂದಿ? ಇದು ಹೆಣ್ಣ ಕಳಸೋದೋ, ಹೆಣ್ಣ ಓಡಸೋದೋ?” ಪಾಪ, ಅವರು ಅಲ್ಲೇ ಕುಕ್ಕರಗಾಲಲ್ಲಿ ಕೂತು ಸ್ಕ್ರೂ ಸಡಿಲು ಮಾಡಿ ಮೊದಲಿನ ಹಾಗೆ ಮಾಡಿದರು. ನನ್ನನ್ನು ಈ ಮನೆಗೆ ಕಳಿಸಿದ್ದೂ ಅದೇ ಪ್ಲೇಟು. ಅಳಬಾರದೆಂದು ಹಲ್ಲು ಕಚ್ಚಿ ನಿಂತಿದ್ದವಳು ನಾನು. ತುತ್ತೂರಿ ಶುರುವಾದ ಮೇಲೆ ನನ್ನ ಕೈಯಿಂದ ಅವ್ವನ ಸೆರಗು ಬಿಡಿಸಲು ಮೂವರು ಹೆಂಗಸರು ಬೇಕಾದರು.

ಈಗ ಹೇಳುವುದು ನಲವತ್ತೆಂಟರ ಮಾತು. ಮಿಲಿಟರಿ ಬಂದು ನಿಜಾಮ ಶರಣಾದ, ರಜಾಕಾರರು ಓಡಿದರು. ಒಂದು ವರ್ಷ ನಮ್ಮ ಊರುಗಳನ್ನು ಸುಟ್ಟವರು ಓಡಿದರಲ್ಲ ಎಂದು ನಾವೂ ಕುಣಿದೆವು. ನನ್ನ ಗಂಡ ಈಶಪ್ಪ ಗಡಿಯಾಚೆಯ ಕ್ಯಾಂಪಿನಲ್ಲಿ ರಜಾಕಾರರ ಮೇಲೆ ಬಂದೂಕು ಹಿಡಿದವನು, ಇನ್ನೂ ಮನೆಗೆ ಬಂದಿರಲಿಲ್ಲ. ಅಷ್ಟರಲ್ಲಿ ಇನ್ನೊಂದು ಸುದ್ದಿ ಬಂತು. ಓಡಿದವರು ಓಡಿಹೋದರು, ಓಡದೆ ಉಳಿದ ಮುಸಲ್ಮಾನರನ್ನು ಮಂದಿ ಹುಡುಕಿ ಕೊಲ್ಲುತ್ತಿದ್ದಾರೆ ಎಂದು. ನಮ್ಮೂರಲ್ಲಿ ಉಳಿದಿದ್ದ ಮುಸಲ್ಮಾನರ ಮನೆ ಒಂದೇ, ಜಿಲಾನಸಾಬರದು. ಬೇಸಿಗೆಯಲ್ಲಿ ರಜಾಕಾರರು ಅವರನ್ನು ದಬ್ಬಿಕೊಂಡು ಹೋಗಿ ತಮ್ಮ ಠಾಣ್ಯದಲ್ಲಿ ಫೋನೋ ಹಾಕಿಸಿದ್ದರು. ಈಗ ಅದೇ ಅವರ ಕುತ್ತಿಗೆಗೆ ಬಂತು.

ಒಂದು ಮಧ್ಯಾಹ್ನ ಜಿಲಾನಸಾಬರೂ ಅವರ ಹೆಂಡತಿ ಮಾಶಾಬಿಯೂ ನಮ್ಮ ಹಿತ್ತಿಲ ಬಾಗಿಲಿಗೆ ಬಂದು ನಿಂತರು. ಮಾಶಾಬಿಯ ಕೈಯಲ್ಲಿ ಒಂದು ತಂಬಿಗೆ ನೀರು. ಜಿಲಾನಸಾಬರ ತಲೆಯ ಮೇಲೆ ಫೋನೋ ಪೆಟ್ಟಿಗೆ, ಹೆಗಲಲ್ಲಿ ಅದರ ಹಿತ್ತಾಳೆಯ ಕೊಂಬು.

“ಕೊಡ್ಲಿ ಹಿಡಕೊಂಡು ಬರಾಕತ್ಯಾರಂತ ಬೇ ಶಂಕ್ರವ್ವಾ,” ಎಂದರು.

ನನಗೆ ಹೆದರಿಕೆಯಾದರೆ ಮೊದಲು ಬರುವುದು ಸಿಟ್ಟು. “ಹೊಟ್ಟಿಗೆ ಹಿಟ್ಟಿಲ್ಲಂದ್ರೂ ಜುಟ್ಟಿಗೆ ಮಲ್ಲಿಗಿ ಅಂದಂಗಾತು. ಜೀವಾ ಹಿಡಕೊಂಡು ಬಾ ಅಂದ್ರ ಈ ಪೆಟಗಿ ಹೊತಗೊಂಡು ಬಂದೀಯಲ್ಲ ಕಾಕಾ, ಇದನ್ನ ನೋಡಿದ್ರ ನೀ ಇಲ್ಲೇ ಅದೀ ಅಂತ ಕುರುಡನೂ ಹೇಳ್ತಾನ.”

“ಬಿಟ್ಟು ಬಂದ್ರ ಒಡೀತಾರವ್ವ.”

ಅಡಗಿಸಲು ನನಗೆ ತೋಚಿದ್ದು ಒಂದೇ ಜಾಗ, ಅಂಗಳದ ಹಗೇವು. ಜೋಳ ತುಂಬಿಡುವ ನೆಲದ ಕೆಳಗಿನ ಕುಳಿ. ಒಬ್ಬರು ಮೈ ಹಿಡಿಮಾಡಿ ಇಳಿಯುವಷ್ಟು ಬಾಯಿ, ಕೆಳಗೆ ಹೊಟ್ಟೆ ಅಗಲ. ರಜಾಕಾರರ ಲೂಟಿಗೆ ಹೆದರಿ ಜೋಳವನ್ನು ಮೊದಲೇ ಸಾಗಿಸಿದ್ದರಿಂದ ಖಾಲಿಯಿತ್ತು. ಆದರೆ ಮುಚ್ಚಿದ ಹಗೇವಿನಲ್ಲಿ ಗಾಳಿ ಕೆಡುತ್ತದೆ. ಅವಸರಕ್ಕೆ ಇಳಿದು ಅಲ್ಲೇ ಸತ್ತವರು ನಮ್ಮ ಕಡೆ ಊರಿಗೊಬ್ಬರಿದ್ದಾರೆ. ಹಾಗಾಗಿ ಬಿದಿರಿನ ಏಣಿ ಇಳಿಬಿಟ್ಟು ಅವರಿಬ್ಬರನ್ನೂ ಇಳಿಸಿ, ಚಪ್ಪಡಿ ಎಳೆದು, ಅದರ ಅಡಿಗೆ ಒಂದು ಕಟ್ಟಿಗೆಯ ತುಂಡು ಸಿಕ್ಕಿಸಿ ಗಾಳಿಗೆ ಸಂದು ಬಿಟ್ಟೆ. ಫೋನೋದ ಕೊಂಬು ಹಗೇವಿನ ಬಾಯಿಯಲ್ಲಿ ತೂರಲಿಲ್ಲ. ಫೋನೋವನ್ನು ಪಡಸಾಲೆಯಲ್ಲಿಟ್ಟು ಕಂಬಳಿ ಹೊದಿಸಿದೆ.

ನನ್ನ ಅತ್ತೆ ಕಳಕಮ್ಮ ಇದನ್ನೆಲ್ಲ ಕಂಬಕ್ಕೆ ಒರಗಿ ನೋಡುತ್ತ ನಿಂತಿದ್ದಳು.

ಮುಂಬಾಗಿಲು ಬಡಿದ ಸದ್ದಾಯಿತು. ಹೋಗಿ ತೆರೆದೆ. ಏಳೆಂಟು ಗಂಡಸರು, ಕೈಯಲ್ಲಿ ಕೊಡಲಿ, ಬಡಿಗೆ. ಮುಂದಿದ್ದವನು ಪಕ್ಕದೂರಿನ ಹುಸೇನಪ್ಪ. ಮೊಹರಮ್ಮಿನ ಅಲಾಯಿ ದೇವರಿಗೆ ಹರಕೆ ಹೊತ್ತು ಹುಟ್ಟಿದ ಮಗನೆಂದು ಅವನ ಅವ್ವ ಇಟ್ಟ ಹೆಸರು ಅದು. ಆ ಹೆಸರಿಟ್ಟುಕೊಂಡವನು ಜಿಲಾನಸಾಬರನ್ನು ಕಡಿಯಲು ಬಂದಿದ್ದ.

“ಈಶಪ್ಪಣ್ಣನ ಮನಿ ಅಲ್ಲನ್ರಿ ಯಕ್ಕಾ? ನಿಮ್ಮ ಮ್ಯಾಲೆ ನಮಗೇನೂ ಸಂಶೇ ಇಲ್ರಿ. ಫೋನೋ ಜಿಲಾನ ಮನಿ ಬಿಟ್ಟು ಓಡ್ಯಾನ. ಈ ಕಡೆ ಬಂದದ್ದು ನೋಡೀರೇನು?”

“ಇಲ್ಲಪಾ. ಗಂಡಸರಿಲ್ಲದ ಮನಿ, ಬಾಗಲಾ ಹಾಕ್ಕೊಂಡು ಕುಂತೀವಿ ನಾವು,” ಎಂದೆ. ಬಾಗಿಲಿಗೆ ಅಡ್ಡ ನಿಂತು ಮಾತು ಬೆಳೆಸಿದೆ. ಆದರೆ ಅವರಿಗೆ ನೀರಡಿಸಿತ್ತು. ಕ್ಯಾಂಪಿನವನ ಮನೆ ಎಂಬ ಸಲುಗೆಯೂ ಇತ್ತು. ನೀರು ಕೊಡ್ರಿ ಯಕ್ಕಾ ಎನ್ನುತ್ತ ಒಳಗೆ ಬಂದೇಬಿಟ್ಟರು.

ಅಂಗಳಕ್ಕೆ ಬಂದು ನೋಡಿದೆ. ನಾನು ಬಾಗಿಲಲ್ಲಿದ್ದಾಗ ಅತ್ತೆ ಕಟ್ಟಿಗೆಯ ತುಂಡು ಕಿತ್ತು, ಚಪ್ಪಡಿ ಸರಿಯಾಗಿ ಕೂಡಿಸಿ, ಸುತ್ತ ಸೆಗಣಿ ಮೆತ್ತಿ ಸಾರಿಸಿಬಿಟ್ಟಿದ್ದಳು. ಸಂದು ಕಂಡರೆ ಗುಮಾನಿ ಬಂದೀತೆಂದು ಅವಳ ಲೆಕ್ಕ. ಐವತ್ತು ವರ್ಷ ಹಗೇವು ಮುಚ್ಚಿದಾಗಲೆಲ್ಲ ಸೆಗಣಿ ಬಳಿದ ಕೈ, ಈಗಲೂ ತನ್ನ ಕೆಲಸ ಮಾಡಿತ್ತು. ಒಂದು ಕೂದಲೆಳೆಯಷ್ಟೂ ಸಂದು ಉಳಿದಿರಲಿಲ್ಲ. ಅವಳು ಕೈ ತೊಳೆಯುತ್ತ, ಹೇಗಿದೆ ಎನ್ನುವ ಹಾಗೆ ನನ್ನ ಮೋರೆ ನೋಡಿದಳು.

ನೀರು ಕುಡಿದು ಹೋಗುತ್ತಾರೆ, ಇನ್ನೇನು ಹೋಗುತ್ತಾರೆ ಎಂದು ನಾನು ನನಗೇ ಹೇಳಿಕೊಂಡೆ. ಒಬ್ಬ ಪಡಸಾಲೆಯಲ್ಲಿ ಕೂರಲು ಕಂಬಳಿ ಎಳೆದ. ಕೊಂಬು ಫಳ್ಳೆಂದಿತು.

ಹುಸೇನಪ್ಪ ಎದ್ದು ಬಂದು ಪೆಟ್ಟಿಗೆಯನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ. “ಇದು ಜಿಲಾನಂದು.”

“ಹೌದು,” ಎಂದೆ. “ಅವ ಓಡಿಹೋದ ಮ್ಯಾಲೆ ಹೋಗಿ ಹೊತಗೊಂಡು ಬಂದೆ. ಮಂದಿ ಎಲ್ಲಾ ಲೂಟಿ ಮಾಡಾಕತ್ತಾಗ ನಾ ಒಬ್ಬಾಕಿ ಯಾಕ ಸುಮ್ಮನ ಕುಂದ್ರಲಿ?”

ಹುಟ್ಟಿದಾಗಿನಿಂದ ಇನ್ನೊಬ್ಬರ ಬದನೆಕಾಯಿ ಕಿತ್ತವಳಲ್ಲ ನಾನು. ಅವತ್ತು ಕಳ್ಳಿ ಎಂದು ನಾನೇ ಹೇಳಿಕೊಂಡೆ, ಅವರು ನಂಬಿದರು. ನಂಬಿ ನಕ್ಕರು. ಭಾಳ ಛಲೋ ಮಾಡೀರಿ ಎಂದರು. ಬದುಕಿದೆ ಎಂದುಕೊಂಡೆ.

“ತುತ್ತೂರಿ ಪ್ಲೇಟು ಐತೇನ್ರಿ ಇದರಾಗ?” ಹುಸೇನಪ್ಪನ ದನಿಯೇ ಬೇರೆಯಾಗಿತ್ತು. “ನಮ್ಮಕ್ಕನ್ನ ಒಪ್ಪಿಸಿದಾಗ ಕೇಳಿದ್ದೆ. ಅಕಿ ಮೊದಲನೇ ಬಾಣೆಂತನದಾಗ ತೀರಿಕೊಂಡ್ಲು. ಒಂದ ಸಲ ಹಾಕ್ರಿ ಯಕ್ಕಾ.”

ಅವನೇ ಪೆಟ್ಟಿಗೆ ಎತ್ತಿಕೊಂಡ. ಫೋನೋ ಇಡಲು ನೆಲ ಮಟ್ಟಸ ಇರಬೇಕು ಎಂದು ಮದುವೆ ಕಂಡವರಿಗೆಲ್ಲ ಗೊತ್ತು. ನಮ್ಮ ಅಂಗಳದಲ್ಲಿ ಮಟ್ಟಸವಾದ ಜಾಗ ಒಂದೇ. ಅವನು ಅದನ್ನು ಒಯ್ದು ಹಗೇವಿನ ಚಪ್ಪಡಿಯ ಮೇಲೆ ಇಟ್ಟ.

ನಾನು ಚಾವಿ ಕೊಟ್ಟೆ, ಮುಳ್ಳು ಇಟ್ಟೆ. ಮುಳ್ಳು ಕರಕರ ಎಂದಿತು. ತುತ್ತೂರಿ ಶುರುವಾಯಿತು. ಕೊಡಲಿ ಹಿಡಿದ ಗಂಡಸರು ಚಪ್ಪಡಿಯ ಸುತ್ತ ಕೂತು ತಲೆ ತಗ್ಗಿಸಿದರು. ಪ್ರತಿಯೊಬ್ಬನಿಗೂ ಒಬ್ಬ ಅಕ್ಕ, ಒಬ್ಬ ತಂಗಿ, ಒಬ್ಬ ಮಗಳು ಇದ್ದಳು. ನಾನು ಆ ಹಾಡು ಕೇಳಲಿಲ್ಲ. ಚಪ್ಪಡಿಯ ಅಡಿಯಿಂದ ಕೆಮ್ಮು ಕೇಳಿದರೆ ಏನು ಗತಿ ಎಂದು ಕಿವಿಗೊಟ್ಟು ನಿಂತಿದ್ದೆ. ಆಮೇಲೆ, ಕೆಮ್ಮೂ ಕೇಳುತ್ತಿಲ್ಲವಲ್ಲ ಎಂದು ಕಿವಿಗೊಟ್ಟೆ.

ಮುಗಿಯಿತು. “ಇನ್ನೊಂದ ಸಲ,” ಎಂದ ಹುಸೇನಪ್ಪ.

ಹಾಕಿದೆ. ಮುಗಿಯಿತು. ಅವನ ಮಗ್ಗುಲಲ್ಲಿದ್ದ ಮುದುಕ ಕಣ್ಣೊರೆಸಿಕೊಂಡು ತನ್ನ ಮಗಳ ಮದುವೆಯ ಸುದ್ದಿ ತೆಗೆದ. ಬೀಗರು ಎಂಥವರು, ಚಕ್ಕಡಿಯ ಗಾಲಿ ಎಲ್ಲಿ ಸಿಕ್ಕಿಬಿತ್ತು, ಎಲ್ಲವನ್ನೂ ಹೇಳಿದ. ನಿನ್ನ ಬಾಯಿಗೆ ಮಣ್ಣು ಹಾಕಲಿ, ಬೇಗ ಮುಗಿಸೋ ಎಂದು ನಾನು ಮನಸ್ಸಿನಲ್ಲೇ ಬೈದೆ. ಅವನು ಮುಗಿಸಿ, “ಹಚ್ಚವ್ವ ಇನ್ನೊಮ್ಮೆ, ನಮ್ಮ ಪಾರಿ ಹೆಸರಲೆ,” ಎಂದ.

“ಮುಳ್ಳು ಮೊಂಡಾಗೈತಿ,” ಎಂದೆ. ಹುಸೇನಪ್ಪ ಡಬ್ಬಿ ಹುಡುಕಿ ಹೊಸ ಮುಳ್ಳು ಹಾಕಿಕೊಟ್ಟ. “ಜಿಲಾನ ದೂರ ಹೋಗಿರತಾನ, ಹುಡಕೂದಿಲ್ಲೇನು?” ಎಂದೂ ಕೇಳಿದೆ. ಆ ಮಾತು ನನ್ನ ಬಾಯಿಂದ ಬಂತು. “ಎಲ್ಲಿ ಹೊಕ್ಕಾನ ಬಿಡ್ರಿ,” ಎಂದು ಅವನು ಕಾಲು ಚಾಚಿದ. ಈ ಪ್ಲೇಟು ಇವರನ್ನು ಏಳಗೊಡುವುದಿಲ್ಲ ಎಂದು ಆಗ ನನಗೆ ಖಾತ್ರಿಯಾಯಿತು.

ತಿರುಗುತ್ತಿದ್ದ ಪ್ಲೇಟನ್ನು ಎತ್ತಿಕೊಂಡೆ. ಒರೆಸುವವಳ ಹಾಗೆ ಸೆರಗು ಹಿಡಿದೆ. ನನ್ನನ್ನು ಅವ್ವನಿಂದ ಬಿಡಿಸಿದ ಪ್ಲೇಟು, ನಮ್ಮ ಓಣಿಯ ಎಲ್ಲ ಹೆಣ್ಣುಮಕ್ಕಳ ಪ್ಲೇಟು. ಚಪ್ಪಡಿಯ ಅಂಚಿಗೆ ಬೀಳಿಸಿದೆ. ಫಟಾರೆಂದು ಒಡೆದು ಚೂರುಚೂರಾಯಿತು.

“ಏನ ಮಾಡಿದೆ ಬೇ,” ಎಂದು ಹುಸೇನಪ್ಪ ಕೂಗಿಕೊಂಡು ಎದ್ದ. ಹೊಡೆಯುತ್ತಾನೆಂದು ನಾನು ಕಣ್ಣು ಮುಚ್ಚಿದೆ, ಹೊಡೆದು ಹೋದರೆ ಸಾಕು ಎಂದುಕೊಂಡೆ. ಅವನು ಹೊಡೆಯಲಿಲ್ಲ. ಚಪ್ಪಡಿಯ ಮೇಲೆ ಮೊಣಕಾಲೂರಿ ಕೂತು ಚೂರುಗಳನ್ನು ಆರಿಸತೊಡಗಿದ. ಒಂದಕ್ಕೊಂದು ಜೋಡಿಸಿ ನೋಡತೊಡಗಿದ. ಉಳಿದವರೂ ಬಗ್ಗಿದರು. ಇದು ಇಲ್ಲಿಯದು, ಅದು ಅಲ್ಲಿಯದು ಎಂದು ಹಗೇವಿನ ಬಾಯಿಯ ಮೇಲೆ ಪ್ಲೇಟು ಕೂಡಿಸುತ್ತ ಕೂತರು.

ಅತ್ತೆ ಅಷ್ಟೊತ್ತು ನನ್ನನ್ನೇ ನೋಡುತ್ತಿದ್ದಳು. ನನ್ನ ಕಣ್ಣು ಎಲ್ಲಿ ಹೋಗುತ್ತಿದೆ ಎಂದು ನೋಡಿದಳು, ಸೆಗಣಿಯ ಸುತ್ತನ್ನು ನೋಡಿದಳು, ತನ್ನ ಕೈಗಳನ್ನು ನೋಡಿಕೊಂಡಳು. ಆಗ ತಿಳಿಯಿತು ಅವಳಿಗೆ. ನೆಲಕ್ಕೆ ಕುಸಿದು, ಎದೆ ಎದೆ ಬಡಿದುಕೊಂಡು ಅಳಲು ಶುರುಮಾಡಿದಳು. ಸತ್ತ ಮನೆಯ ಅಳು ಅದು. “ನನ್ನ ಕೈ ಸೇದಿಹೋಗ್ಲಿ, ನನ್ನ ಕೈಯಾರೆ ಆತಲ್ಲೋ ಯಪ್ಪಾ.”

ಗಂಡಸರು ಗಾಬರಿಯಾದರು. ಹಿರಿಯ ಹೆಣ್ಣುಮಗಳು ಹಾಗೆ ಅತ್ತರೆ ಯಾರು ಕೂತಾರು. “ಅಳಬ್ಯಾಡ ಬೇ ಯವ್ವಾ,” ಎಂದ ಹುಸೇನಪ್ಪ. ಅವಳು ಪ್ಲೇಟಿಗೇ ಅಳುತ್ತಿದ್ದಾಳೆಂದು ತಿಳಿದು ಅವನ ಕಣ್ಣಲ್ಲೂ ನೀರು ಬಂತು. ಒಂದು ಚೂರನ್ನು ರುಮಾಲಿನ ತುದಿಗೆ ಕಟ್ಟಿಕೊಂಡ. ಒಬ್ಬೊಬ್ಬರಾಗಿ ಎದ್ದು, ಕೊಡಲಿ ತೆಗೆದುಕೊಂಡು, ಹೋದರು.

ಅಗಳಿ ಹಾಕಿ ಓಡಿ ಬಂದೆ. ಫೋನೋವನ್ನು ಒದ್ದು ಕೆಡವಿ, ಹಾರೆ ಹಾಕಿ ನಾನೂ ಅತ್ತೆಯೂ ಮೀಟಿದೆವು. ಸೆಗಣಿ ಆಗಲೇ ಬಿಗಿದಿತ್ತು. ಚಪ್ಪಡಿ ಸರಿದಾಗ ಬಿಸಿ ಹಬೆ ಮೋರೆಗೆ ಹೊಡೆಯಿತು. ಬಾಯಿಯ ಹತ್ತಿರವೇ ಮಾಶಾಬಿಯ ಮೋರೆ ಇತ್ತು. ಏಣಿಯ ತುದಿಯಲ್ಲಿ ನಿಂತು, ಅಂಚಿಗೆ ತುಟಿ ಒತ್ತಿ, ಉಗುರಿನಿಂದ ಕೆರೆಯುತ್ತಿದ್ದಳು. ಉಗುರುಗಳಲ್ಲಿ ರಕ್ತ. ರಟ್ಟೆ ಹಿಡಿದು ಎಳೆದುಕೊಂಡೆವು.

ಜಿಲಾನಸಾಬರು ಕೆಳಗಿದ್ದರು. ತುದಿಯಲ್ಲಿ ಒಬ್ಬರಿಗಷ್ಟೇ ಜಾಗ. ಒಳಗಿನ ಹೊಟ್ಟಿನ ಮೇಲೆ ಏಣಿ ನಿಲ್ಲುತ್ತಿರಲಿಲ್ಲವಂತೆ, ಅದಕ್ಕೇ ಹಿಡಿದುಕೊಂಡಿದ್ದರು. ಮೆಟ್ಟಿಲುಗಳ ನಡುವೆ ಎರಡೂ ತೋಳು ತೂರಿಸಿ, ತಲೆ ಒರಗಿಸಿ, ನಿಂತೇ ಇದ್ದರು. ನಾನು ಉಸಿರು ಬಿಗಿಹಿಡಿದು ಇಳಿದು ಹಗ್ಗ ಕಟ್ಟಿದೆ. ಎಳೆದು ಅಂಗಳದಲ್ಲಿ ಮಲಗಿಸಿ ನೀರು ಹೊಡೆದೆವು, ಎದೆ ತಿಕ್ಕಿದೆವು. ಏಳು ಕಾಕಾ, ನಿನ್ನ ಹೆಣಾ ಎತ್ತಲಿ, ಏಳು ಎಂದು ಬೈದೆ. ಹೆಣವೇ ಎತ್ತಿದ್ದೆವು.

ಮಾಶಾಬಿ ಉಸಿರು ಹಿಂತಿರುಗಿದ ಮೇಲೆ ಅಳಲಿಲ್ಲ. “ಪ್ಲೇಟು ಕೇಳಿ ಖುಷಿಪಟ್ರವ್ವಾ ನಮ್ಮನಿಯವರು,” ಎಂದಳು. “ಹಾಡೂತನಾ ಮಂದಿ ಕೂತಿರತಾರ, ಹುಡುಕೂದಿಲ್ಲ. ಶಂಕ್ರವ್ವ ಭಾಳ ಶಾಣ್ಯಾಕಿ, ಹಾಡಿಸಿ ನಮ್ಮನ್ನ ಕಾಯಾಕತ್ಯಾಳ, ಅದು ನಿಲ್ಲಬಾರದು ಅಂತ ದುವಾ ಮಾಡು ಅಂದ್ರು. ಆಮ್ಯಾಲೆ ಫಟ್ ಅಂತ ಸಪ್ಪಳಾತಲ್ಲ. ‘ಪೋರಿ ಶಂಕ್ರವ್ವನ್ನ ಹೊಡದ್ರು’ ಅಂದ್ರು. ಮತ್ತ ಮಾತಾಡಲಿಲ್ಲ.”

ಅಷ್ಟು ಹೇಳಿ ಅವಳು ನನ್ನ ಹತ್ತಿರ ಸರಿದು ಬಂದಳು. ರಕ್ತದ ಬೆರಳುಗಳಿಂದ ನನ್ನ ತಲೆ, ಕುತ್ತಿಗೆ, ಬೆನ್ನು ಮುಟ್ಟಿ ಮುಟ್ಟಿ ನೋಡಿದಳು. “ಎಲ್ಲಿ ಹೊಡದ್ರವ್ವಾ ನಿನಗ? ಎಲ್ಲಿ ಹೊಡದ್ರು?”

ನನ್ನ ಮೈಮೇಲೆ ಒಂದು ಗೆರೆಯೂ ಇರಲಿಲ್ಲ.