ಮುರಿಯದ ಕೆಂಪು ಗೆರೆ

ಹದಿನೈದು ದಿನದ ಹಿಂದೆ ತಾನೇ ಕೈಯಾರೆ ಟ್ಯೂನ್ ಮಾಡಿದ ಟ್ರಕ್ಕು ಈಗ ಏರು ಹತ್ತಲು ಏದುಸಿರು ಬಿಡುತ್ತಿದೆ ಎಂದರೆ ಮೇಸ್ತ್ರಿ ನಂಬಲಿಲ್ಲ. ಆ ಹಳೇ ಪೆಟ್ರೋಲ್ ಗಾಡಿ ಅಣ್ಣತಮ್ಮಂದಿರದು. ಓಡಿಸುವವನು ತಮ್ಮ, ರಿಪೇರಿ ಅಣ್ಣನಾದ ಮೇಸ್ತ್ರಿಯದು. ಯಾರೋ ಕೈಯಾಡಿಸಿದ್ದಾರೆ. ಯಾರೋ ಏನು ಬಂತು, ತಮ್ಮನೇ!

ಅನುಮಾನಕ್ಕೆ ಕಾರಣಗಳೂ ಇದ್ದವು. ಇತ್ತೀಚೆಗೆ ತಮ್ಮ ಅಡುಗೆಮನೆಯಲ್ಲಿ ಅತ್ತಿಗೆಯ ಜೊತೆ ಗುಟ್ಟು ಮಾತಾಡುತ್ತಾನೆ. ಬಾಗಿಲಲ್ಲಿ ನಿಂತರೂ ಒಂದಕ್ಷರ ಕೇಳುವುದಿಲ್ಲ. ಅಣ್ಣನೊಡನೆ ಮಾತ್ರ ಜಗಳಕ್ಕೆ ಬಂದವನ ಹಾಗೆ ಕಿರುಚುತ್ತಾನೆ. ಗಾಡಿ ಕೆಡಿಸಿ, ಮಾರಿಬಿಡೋಣ ಅನ್ನುವ ಹುನ್ನಾರವೇ ಇರಬೇಕು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುವ ಗಾದೆ ಮೇಸ್ತ್ರಿಗೂ ಗೊತ್ತಿತ್ತು, ಬೇರೆಯವರಿಗೆ ಹೇಳುವುದಕ್ಕೆ. ಇವತ್ತು ಸಿಕ್ಕಿಬಿದ್ದರೆ ಕೀಲಿ ಕಿತ್ತುಕೊಂಡು ಬೇರೆಯಾಗುವುದೇ ಎಂದು ತೀರ್ಮಾನಿಸಿಬಿಟ್ಟ.

ಶೆಡ್ಡಿನಲ್ಲಿ ತಮ್ಮನ ಎದುರೇ ಎಂಜಿನ್ನನ್ನು ಐಡ್ಲಿಂಗಿನಲ್ಲಿ ಬಿಟ್ಟು, ಅದರ ಎಳೆತ ಅಳೆಯುವ ವ್ಯಾಕ್ಯೂಮ್ ಮೀಟರಿನ ಪೈಪು ಸಿಕ್ಕಿಸಿದ. ಹದಿನೆಂಟರಲ್ಲಿ ನಿಲ್ಲಬೇಕಾದ ಮುಳ್ಳು ಹದಿಮೂರರಲ್ಲೇ ಕೂತಿತು. ಗ್ಯಾಸ್ಕೆಟ್ಟಿನ ಸುತ್ತ ನೀರು ಚಿಮುಕಿಸಿದ. ಎಲ್ಲಾದರೂ ಗಾಳಿ ಎಳೆಯುತ್ತಿದ್ದರೆ ಮುಳ್ಳು ಅಲುಗಬೇಕು. ಅಲುಗಲಿಲ್ಲ. ಹಾಗಾದರೆ ಟೈಮಿಂಗ್ ಹಿಂದೆ ಬಿದ್ದಿದೆ, ಕಿಡಿ ತಡವಾಗಿ ಹೊತ್ತುತ್ತಿದೆ. ಅದು ಡಿಸ್ಟ್ರಿಬ್ಯೂಟರ್ ತಿರುಗಿಸಿದರೆ ಆಗುವ ಕೆಲಸ.

"ಡಿಸ್ಟ್ರಿಬ್ಯೂಟರ್ ತಿರುಗಿಸಿದ್ಯಾ?"

"ಇಲ್ಲಣ್ಣಾ!" ತಮ್ಮ ಕೂಗಿದ.

"ಕೂಗಬೇಡ. ಸುಳ್ಳು ಹೇಳೋರೇ ಜೋರಾಗಿ ಹೇಳೋದು. ನನ್ನ ಗೆರೆ ಹೇಳುತ್ತೆ ಬಿಡು."

ಮೇಸ್ತ್ರಿ ಕಿಡಿಯ ಹೊತ್ತು ತೋರಿಸುವ ಟೈಮಿಂಗ್ ಲೈಟ್ ಹಿಡಿದವನೇ ಅಲ್ಲ. ಎಂಜಿನ್ನಿನ ಸದ್ದು ಕೇಳುತ್ತಲೇ ಡಿಸ್ಟ್ರಿಬ್ಯೂಟರ್ ತಿರುಗಿಸಿ, ಬೋಲ್ಟ್ ಬಿಗಿದು, ಅದರಿಂದ ಎಂಜಿನ್ ಬ್ಲಾಕಿನವರೆಗೆ ಹೆಂಡತಿಯ ಕೆಂಪು ಉಗುರುಬಣ್ಣದಲ್ಲಿ ಒಂದು ಗೆರೆ ಎಳೆಯುತ್ತಿದ್ದ. ಆಮೇಲೆ ಯಾರು ಕೂದಲೆಳೆಯಷ್ಟು ತಿರುಗಿಸಿದರೂ ಗೆರೆ ಮುರಿಯಬೇಕು.

ಎಂಜಿನ್ ಆಫ್ ಮಾಡಿ, ಎಣ್ಣೆ ಒರೆಸಿ, ಟಾರ್ಚ್ ಬಿಟ್ಟ. ಗೆರೆ ಇಡಿಯಾಗಿತ್ತು. ಮೇಲೆ ಹೊಸದಾಗಿ ಬಳಿದಿದ್ದಾರೇನೋ ಎಂದು ಉಗುರಿನಿಂದ ಕೆರೆದೂ ನೋಡಿದ. ಕೆಳಗೆ ಬರೀ ಕಬ್ಬಿಣ.

"ಅವತ್ತು ಸದ್ದು ಸರಿಯಾಗೇ ಇತ್ತಲ್ಲೋ," ಎಂದ, ದನಿ ಇಳಿಸಿ.

ತಮ್ಮ ನೆಲ ನೋಡುತ್ತ ಏನೋ ಹೇಳಿದ. ತುಟಿ ಆಡಿದ್ದು ಕಂಡಿತು, ಮಾತು ಕೇಳಲಿಲ್ಲ. ಎಂಜಿನ್ ನಿಂತಿತ್ತು, ಶೆಡ್ಡಿನಲ್ಲಿ ಬೇರೆ ಸದ್ದೇ ಇರಲಿಲ್ಲ.

ಮೇಸ್ತ್ರಿಗೆ ಆಗ ಹೊಳೆಯಿತು. ಅಡುಗೆಮನೆಯಲ್ಲಿ ಅವರಿಬ್ಬರು ಗುಟ್ಟು ಮಾತಾಡುತ್ತಿರಲಿಲ್ಲ, ಎಲ್ಲರ ಹಾಗೆ ಮಾತಾಡುತ್ತಿದ್ದರು ಅಷ್ಟೆ. ತಮ್ಮನ ಕಿರುಚಾಟವೂ ಜಗಳದ್ದಲ್ಲ, ತನ್ನ ಕಿವಿಗೆ ಬೀಳಲಿ ಅಂತ. ಅವತ್ತು ಎಂಜಿನ್ನಿನ ಸದ್ದನ್ನೂ ಇದೇ ಕಿವಿ ತಪ್ಪಾಗಿ ಕೇಳಿತ್ತು. ಇದ್ದಲ್ಲೇ ಭೂಮಿ ಬಾಯಿಬಿಡಬಾರದೇ ಅನ್ನುವಷ್ಟು ನಾಚಿಕೆಯಾಯಿತು ಅವನಿಗೆ.

ಮತ್ತೆ ಎಂಜಿನ್ ಶುರು ಮಾಡಿ ಸ್ಪ್ಯಾನರನ್ನು ತಮ್ಮನ ಕೈಗಿಟ್ಟ. "ನೀನೇ ತಿರುಗಿಸು. ನಾನು ಮುಳ್ಳು ನೋಡ್ತೀನಿ."

ಮುಳ್ಳು ನಿಧಾನವಾಗಿ ಏರಿ ಹದಿನೆಂಟಕ್ಕೆ ಬಂತು. ಬೋಲ್ಟ್ ಬಿಗಿದ ಮೇಲೆ ತಮ್ಮ ಮತ್ತೇನೋ ಹೇಳಿದ.

ಮೇಸ್ತ್ರಿ ಅವನ ಹತ್ತಿರ ಸರಿದು ಕಿವಿಯ ಹಿಂದೆ ಕೈ ಹಿಡಿದ. "ಸ್ವಲ್ಪ ಗಟ್ಟಿಯಾಗಿ ಹೇಳಪ್ಪಾ."