ನಾಲ್ಕು ಊರಿನ ಒಂದು ತಂತಿ

ಎಪ್ಪತ್ನಾಲ್ಕರಲ್ಲಿ ಇಂಡಿ ಊರಿನ ಅಂಚೆ ಕಚೇರಿಗೆ ತಂತಿ ಗುಮಾಸ್ತನಾಗಿ ಬಂದ ಪರಪ್ಪನಿಗೆ ನಾಲ್ಕು ಜನರ ಮುಂದೆ ಮಾತೇ ಬರುತ್ತಿರಲಿಲ್ಲ. ತಂತಿಯ ಕೀ ಮೇಲೆ ಬೆರಳಿಟ್ಟರೆ ಮಾತ್ರ ಮನುಷ್ಯನೇ ಬೇರೆ. ಮಧ್ಯಾಹ್ನ ಕೆಲಸ ಸಡಿಲಾದಾಗ ಸಿಂದಗಿಯ ಗುಮಾಸ್ತ ಜೈನುದ್ದೀನನನ್ನು ಕರೆಯುತ್ತಿದ್ದ. ಅಕ್ಷರ ಇಂಗ್ಲಿಷಿನವು, ಮಾತು ಅಪ್ಪಟ ನಮ್ಮ ಕಡೆಯದು. ಇವನು ಊಟ ಆತೇನು ಎಂದು ತಟ್ಟಿ ಕೈ ತೆಗೆಯುವುದರೊಳಗೆ ಅಲ್ಲಿಂದ ಉತ್ತರ ಟಕಟಕ ಎನ್ನುತ್ತಿತ್ತು. ಮುಖ ನೋಡದೆಯೇ ಇಬ್ಬರೂ ಜೀವದ ಗೆಳೆಯರಾದರು.

ಒಂದು ಭಾನುವಾರ ಪರಪ್ಪ ಬಾಗೇವಾಡಿಯಲ್ಲಿ ಕನ್ಯೆ ನೋಡಿ ಬಂದ. ಹುಡುಗಿ ಕಸ್ತೂರೆವ್ವ ಒಗ್ಗರಣೆ ಹಾಕಿದ ಚುರುಮುರಿ ಸೂಸಲದ ತಾಟು ಇಟ್ಟು ಕುಳಿತಾಗ ಹಿರಿಯರು, "ತಮ್ಮಾ, ನೀನೂ ಏನರ ಕೇಳಪಾ" ಎಂದರು. ರೂಢಿಯಂತೆ ಹೆಸರೋ ಓದೋ ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಈ ಮಹಾರಾಯ ಸೂಸಲವನ್ನೇ ನೋಡುತ್ತ ಕುಳಿತುಬಿಟ್ಟ. ಹುಡುಗಿ ಒಪ್ಪಿಗೆಯಾಗಲಿಲ್ಲವೋ, ಹುಡುಗ ಮೂಕನೋ ತಿಳಿಯದೆ ಅವರ ಮನೆಯವರು ಸುಮ್ಮನಾದರು. ವಾರವಾದರೂ ಸುದ್ದಿಯಿಲ್ಲ. ಕಸ್ತೂರೆವ್ವ ಮನಸ್ಸಿಗೆ ಬಂದಿದ್ದಳು. ಪರಪ್ಪನಿಗೆ ಅನ್ನ ಸೇರದಾಗಿತ್ತು.

ತಡೆಯಲಾರದೆ ಒಂದು ಮಧ್ಯಾಹ್ನ ಜೈನುದ್ದೀನನಿಗೆ ತಟ್ಟಿದ: "ಬಾಗೇವಾಡಿ ಹುಡುಗಿನ್ನ ನೋಡಿ ಬಾಯಿ ಒಣಗಿತು. ಒಪ್ಪಿಗಿ ಐತಿ ಅಂತ ಹ್ಯಾಂಗ ಹೇಳ್ಲಿ? ಆಕಿನ್ನ ಬಿಟ್ಟು ಬ್ಯಾರೆ ಯಾರೂ ಬ್ಯಾಡ ನನಗ."

ಪರಪ್ಪ ತರಬೇತಿಯಲ್ಲಿ ಇಬ್ಬಿಬ್ಬರೇ ಎದುರುಬದುರು ಕುಳಿತು ಕಲಿತವನು. ಕರೆದದ್ದು ಸಿಂದಗಿಯನ್ನು, ಕೇಳುವುದೂ ಸಿಂದಗಿಯೊಂದೇ ಎಂದು ನಂಬಿದ್ದ. ಬೇರೆ ಊರುಗಳ ಟಕಟಕ ತನ್ನಲ್ಲಿ ಕೇಳಿದಾಗಲೂ ತನ್ನ ಕರೆಯಲ್ಲವೆಂದು ಕಿವಿಗೊಡುತ್ತಿರಲಿಲ್ಲ. ಆದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ನಾಲ್ಕಕ್ಕೂ ಹಾದದ್ದು ಒಂದೇ ತಂತಿ. ಒಂದು ಕಡೆ ತಟ್ಟಿದ್ದು ಎಲ್ಲ ಕಡೆಯೂ ಕೇಳಿಸುತ್ತಿತ್ತು. ಇದು ಇವನಿಗೂ ಗೊತ್ತಿದ್ದೀತು ಎಂದು ಜೈನುದ್ದೀನ ಹೇಳಿರಲಿಲ್ಲ.

ಉತ್ತರ ಬಂತು, ಸಿಂದಗಿಯಿಂದಲ್ಲ. "ಬಾಗೇವಾಡಿ ಕಚೇರಿಯ ಬಸಣ್ಣ. ಕಸ್ತೂರೆವ್ವನ ಸೋದರಮಾವ. ಹುಡುಗಗ ಮಾತು ಬರ್ತಾವ ಅಂತ ಈಗ ಗೊತ್ತಾತು."

ಪರಪ್ಪ ಕೀ ಮೇಲಿನ ಕೈಯನ್ನು ಹಿಂದೆಳೆದುಕೊಂಡ. ಅಷ್ಟರಲ್ಲಿ ಎಂದೂ ಮಾತಾಡದ ಮುದ್ದೇಬಿಹಾಳ ನಡುವೆ ಬಾಯಿ ಹಾಕಿತು: "ಒಪ್ಕೊಳ್ರಿ ಬಸಣ್ಣ. ತಿಂಗಳಿಂದ ಇವನ ಮಾತು ಕೇಳಾಕತ್ತೇನಿ, ಹುಡುಗ ಛಲೋ ಅದಾನ." ಜೈನುದ್ದೀನ ಹಿಂದೆಯೇ ತಟ್ಟಿದ: "ನಾನೂ ಜಾಮೀನು."

ಕೊನೆಗೆ ಬಸಣ್ಣ ನಿಧಾನವಾಗಿ ತಟ್ಟಿದ: "ಕಸ್ತೂರೆವ್ವ ನನಗ ಬುತ್ತಿ ತಂದು ಇಲ್ಲೇ ನಿಂತಾಳ. ನೀ ಅಂದಿದ್ದೆಲ್ಲಾ ಹೇಳಿದೆ. ನಕ್ಕಳು. ಊಟ ಆತೇನು ಕೇಳು ಅಂತಾಳ."

ಪರಪ್ಪನಿಗೆ ಆದ ಸಂತೋಷಕ್ಕೆ ಬೆರಳು ಏಳಲಿಲ್ಲ. ಆ ಭಾನುವಾರ ಕಟ್ಟಿದ ಬಾಯಿ ಮಾತ್ರ ಈಗ ತಾನಾಗಿಯೇ ಬಿಟ್ಟಿತು.

"ಇನ್ನಾ ಆಗಿಲ್ಲ. ನಿಂದು ಆತೇನು?" ಎಂದು ಯಂತ್ರಕ್ಕೇ ಗಟ್ಟಿಯಾಗಿ ಕೇಳಿದ.

ಕಾರ್ಡು ಕೊಳ್ಳಲು ನಿಂತ ಜನವೆಲ್ಲ ಇತ್ತ ತಿರುಗಿದರು. ಪೋಸ್ಟ್‌ಮಾಸ್ತರ ರಾವಸಾಬರು ಚಾಳೀಸು ಕನ್ನಡಕ ಏರಿಸಿ ನೋಡಿ, "ಯಾರ ಜೋಡಿ ಮಾತಾಡಾಕತ್ತೀಯೋ ಪರಪ್ಪ?" ಎಂದರು.

ಅಷ್ಟೂ ಜನರ ಮುಂದೆ ಪರಪ್ಪ ಎದ್ದು ನಿಂತು, "ನಮ್ಮ ಮನಿಯಾಕಿ ಜೋಡಿರಿ" ಎಂದ. ಹೇಗೂ ಹೇಳಿಯಾಯಿತಲ್ಲ ಎಂದು, ಕುಳಿತು ಅದನ್ನೇ ನಾಲ್ಕು ಊರಿಗೂ ತಟ್ಟಿದ.