ಓಡಿಬಂದವರ ಭಾರ

ಇಳಕಲ್ಲಿನಲ್ಲಿ ಕಾಸಿಂಬಿಯ ಮನೆ ಬಾಗಿಲಿಗೆ ಹೋಗಿ ನಿಲ್ಲುವುದು ರಾಧಿಕಾಳಿಗೆ ಸುಲಭವಾಗಿರಲಿಲ್ಲ. ಹುನಗುಂದದ ಆಚೆ ಹಳೆಯ ಸೇತುವೆಯೊಂದರ ಹೊಟ್ಟೆಗೆ, ಬಿರುಕು ನೋಡಿ ರಿಪೇರಿ ಮಾಡಲೆಂದು ತೂಗುಹಾಕಿದ್ದ ಕಬ್ಬಿಣದ ಕಾಲುದಾರಿ ಮುರಿದುಬಿದ್ದು, ಕೆಲಸಕ್ಕೆ ಹೋಗಿದ್ದ ಕಾಸಿಂಬಿಯ ಗಂಡ ಜಹೀರ ತೀರಿಕೊಂಡಿದ್ದ. ಹೊಸ ಕಾಲುದಾರಿಯ ವಿನ್ಯಾಸದ ಕೆಲಸ ನವನಗರದ ಕಚೇರಿಯಲ್ಲಿ ಎಂಜಿನಿಯರ್ ರಾಧಿಕಾಳ ಮೇಜಿಗೆ ಬಂದಿತ್ತು. ಆ ಮನೆಯವರ ಮುಖ ನೋಡದೆ ಕೆಲಸ ಶುರುಮಾಡಲು ಅವಳಿಗೆ ಮನಸ್ಸಾಗಲಿಲ್ಲ.

ಕಾಸಿಂಬಿ ಚಹಾ ಕೊಟ್ಟು ಎದುರಿಗೆ ಕೂತಳು. "ನಮ್ಮವ್ರು ಅಷ್ಟೇನ್ ಭಾರ ಇದ್ದಿಲ್ರಿ ಅಕ್ಕಾರ. ಯಾಕ್ ಮುರೀತದು?"

"ಅವರ ಭಾರಕ್ಕ ಮುರದಿಲ್ರಿ. ಇಬ್ಬರು ನಿಲ್ಲೋ ಲೆಕ್ಕಕ್ಕ ಮಾಡಿದ್ ದಾರಿ ಅದು. ಅವರು ಕಾಲು ಜಾರಿ ಜೋತುಬಿದ್ದಾಗ, ಹಿಡಿಯಾಕಂತ ಎಲ್ಲಾರೂ ಅಲ್ಲಿಗೇ ಓಡಿಬಂದ್ರು."

"ಹಂಗಾದ್ರ... ಉಳಸಾಕ ಬಂದವರಿಂದನ ಹೋದ್ರೇನ್ರಿ?"



ನವನಗರಕ್ಕೆ ಮರಳಿದ ರಾಧಿಕಾ, ಕಾಲುದಾರಿಯ ಉದ್ದಕ್ಕೂ ಜನ ಒತ್ತೊತ್ತಾಗಿ ನಿಂತರೂ ತಡೆಯುವಂತೆ, ಚದರ ಮೀಟರಿಗೆ ಐನೂರು ಕಿಲೋ ಭಾರ ಹಿಡಿದು ಲೆಕ್ಕ ಮಾಡಿದಳು. ಹಿರಿಯ ಎಂಜಿನಿಯರ್ ಆನಂದ ಅದನ್ನು ನೋಡಿ ಆಗದೆಂದು ತಲೆಯಾಡಿಸಿದರು.

"ಇಷ್ಟು ಹಿಡದ್ರ ಕಬ್ಬಿಣ ದಪ್ಪ ಆಗ್ತೈತಿ ರಾಧಿಕಾ. ಸೇತುವಿ ಹಳೇ ಗರ್ಡರ್ ತೊಲಿ ಅದನ್ನ ಹೊರಂಗಿಲ್ಲ. ಇಬ್ಬರೇ ಹೋಗಬೇಕಂತ ಬೋರ್ಡ್ ಹಾಕೋಣು."

"ಬಾಜೂಕಿನಾವ ಜೋತುಬಿದ್ದಾಗ ಬೋರ್ಡ್ ಓದಿ ಯಾರ್ ನಿಲ್ತಾರ್ರಿ ಸರ್?"

ಆನಂದ ಕನ್ನಡಕ ತೆಗೆದು ಕಣ್ಣೊತ್ತಿಕೊಂಡರು. ಅವರು ಹೇಳಿದ್ದೂ ಸುಳ್ಳಾಗಿರಲಿಲ್ಲ. ರಾಧಿಕಾ ಯಾವ ರೀತಿ ಕೂಡಿಸಿ ಕಳೆದರೂ ಆ ಗರ್ಡರ್ ಸೋಲುತ್ತಿತ್ತು.

ಕೊನೆಗೆ ಕಂಬಗಳ ಹತ್ತಿರ ಮಾತ್ರ, ಕಂಬಕ್ಕೇ ಆತುಕೊಂಡ ಗಟ್ಟಿ ಅಟ್ಟಣೆಗಳು ಎಂದಾಯಿತು. ಅವುಗಳ ಮೇಲೆ ಗುಂಪೇ ನಿಲ್ಲಬಹುದು. ನಡುವೆ ದಾರಿಯೇ ಇಲ್ಲ. ಅಲ್ಲಿ ಬಿರುಕು ನೋಡಬೇಕಾದರೆ ಸೇತುವೆಯ ಮೇಲಿನಿಂದ ಆಳು ನಿಂತ ತೊಟ್ಟಿಲನ್ನು ಇಳಿಸುವ ಗಾಡಿ ತರಿಸಬೇಕು. ಗಾಡಿ ಬೇಕೆಂದಾಗ ಬರುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ರಾಧಿಕಾ ಸಹಿ ಮಾಡಿದಳು.

ಅಟ್ಟಣೆಗಳನ್ನು ಕೂರಿಸಿ, ಮಳೆಗಾಲ ಕಳೆದ ಮೇಲೆ ಅವಳು ಸೇತುವೆ ನೋಡಲು ಹೋದಳು. ಅಂದೂ ಗಾಡಿ ಬಂದಿರಲಿಲ್ಲ. ಅಮರೇಶನೆಂಬ ಕೆಲಸಗಾರ ಬಿರುಕು ನೋಡಲು ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಎರಡು ಕಂಬಗಳ ನಡುವೆ ಇಳಿದಿದ್ದ.

"ಯಾರ್ ಹೇಳಿದ್ರು ಇಳೀ ಅಂತ? ಮ್ಯಾಲೆ ಬಾ!" ಎಂದು ರಾಧಿಕಾ ಕೂಗಿದಳು.

"ಇನ್ನ ಒಂದ್ ಮೂಲಿ ಉಳದೈತ್ರಿ ಮೇಡಮ್," ಎಂದು ಅವನು ಅಲ್ಲಿಂದಲೇ ಕೂಗಿದ.

ಜೊತೆಯವರೆಲ್ಲ ಅಟ್ಟಣೆಯ ಅಂಚಿಗೆ ಬಂದು ನಿಂತಿದ್ದರು. ಅಟ್ಟಣೆ ಅಲುಗಲಿಲ್ಲ. ಆದರೆ ಅವರು ಎಷ್ಟು ಕೈ ಚಾಚಿದರೂ ಅವನಿಗೆ ಎಟುಕುವಂತಿರಲಿಲ್ಲ.